ಪುಟಿಯದ ಮೀನುಂಡೆ

ಭಾನುವಾರ ಹತ್ತೂವರೆ ಗಂಟೆಯ ಹೊತ್ತಿಗೆ ರಸಲ್ ಮಾರ್ಕೆಟ್ಟಿನ ಮೀನಿನ ಸಾಲಿನಲ್ಲಿ ಕಾಲಿಡುವುದಕ್ಕೂ ಜಾಗವಿರುವುದಿಲ್ಲ. ಅಂಥ ಹೊತ್ತಿನಲ್ಲೇ ಭಾಗ್ಯಲಕ್ಷ್ಮಿ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಮುಂದೆ ಬಂದು, ಬಟ್ಟೆಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು, ಹಾಶಿಮ್‌ನ ತೂಕದ ಮೆಷಿನ್ನಿನ ಮೇಲೆ ಕುಕ್ಕಿದರು.

"ಮುಚ್ಚಳ ತೆಗೀರಿ ಭಾಯ್. ತೆಗೆದು ನೋಡ್ರಿ ನಿಮ್ಮ ಮೀನಿನ ಕಥೆ."

ಹಾಶಿಮ್ ಯಾರಿಗೋ ಬಂಗಡೆ ಸೀಳುತ್ತಿದ್ದ. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು ಮುಚ್ಚಳ ತೆಗೆದ. ಒಳಗೆ ಹತ್ತು ಹನ್ನೆರಡು ಉಂಡೆಗಳು, ಹಾಲಿನಲ್ಲಿ ನೆನೆದ ಬನ್ನಿನ ಹಾಗೆ ಒಂದಕ್ಕೊಂದು ಆತುಕೊಂಡು ಕೂತಿದ್ದವು.

"ಒತ್ತಿ ನೋಡಿ."

ಒತ್ತಿದ. ಬೆರಳು ಒಳಗೇ ಹೋಯಿತು.

"ಪುಟೀಬೇಕು ರೀ ಅದು. ಒತ್ತಿದ್ರೆ ರಬ್ಬರ್ ಚೆಂಡಿನ ಥರ ವಾಪಸ್ ಬರ್ಬೇಕು. ಗುರುವಾರ ನಿಮ್ಹತ್ರಾನೇ ಒಂದು ಕೇಜಿ ಅಂಜಲ್ ತಗೊಂಡ್ಹೋದೆ. ಇವತ್ತು ಬೆಳಗ್ಗೆ ತಾನೇ ಬಂದಿದ್ದು ಅಂದ್ರಿ. ಬೆಳಗ್ಗೆ ಬಂದಿರೋ ಮೀನು ಹೀಗಾಗುತ್ತಾ?"

ಬಂಗಡೆಗೆ ಕಾದಿದ್ದ ಹೆಂಗಸು ಡಬ್ಬಿಯತ್ತ ಬಗ್ಗಿ ನೋಡಿದಳು, ಆಮೇಲೆ ತನ್ನ ಬಂಗಡೆಯತ್ತ ನೋಡಿದಳು. ಹಾಶಿಮ್‌ನ ಮೈಯೆಲ್ಲ ಉರಿದುಹೋಯಿತು. ಮೂವತ್ನಾಲ್ಕು ವರ್ಷದಿಂದ ಈ ಕಟ್ಟೆಯ ಹಿಂದೆ ನಿಂತಿದ್ದಾನೆ. ತುಟ್ಟಿ ಅಂದವರಿದ್ದಾರೆ, ತೂಕ ಕಮ್ಮಿ ಅಂದವರಿದ್ದಾರೆ. ಮೀನು ಹಳೆಯದು ಎಂದು ಇಷ್ಟು ಜನರ ಎದುರಿಗೆ ಅಂದವರು ಯಾರೂ ಇರಲಿಲ್ಲ.

"ಮೇಡಂ, ಅಂಜಲ್ ಅಂದ್ರೆ ಫ್ರೈ ಮಾಡ್ಬೇಕು, ಸಾರು ಮಾಡ್ಬೇಕು. ಅದನ್ನ ಯಾಕೆ ಹಿಂಗೆ ಉಂಡೆ ಕಟ್ಟಿದ್ರಿ? ಅದೇನು ಪಾಪ ಮಾಡಿತ್ತು?"

"ಫಿಶ್ ಬಾಲ್ ರೀ ಇದು. ಫಿಲಿಪೀನ್ಸ್ ಕಡೆ ರೋಡ್ ಸೈಡಲ್ಲಿ ಮಾರ್ತಾರೆ, ನಮ್ಮ ಕಡೆ ಗೋಬಿ ಮಂಚೂರಿ ಇದ್ದಹಾಗೆ. ಮೀನು ಅರೆದು, ಸ್ವಲ್ಪ ಹಿಟ್ಟು ಹಾಕಿ, ಎಣ್ಣೇಲಿ ಬಿಟ್ಟು, ಕಡ್ಡಿಗೆ ಚುಚ್ಚಿ, ಸಾಸಲ್ಲಿ ಅದ್ದಿ ತಿನ್ನೋದು. ನನ್ ರೂಮ್‌ಮೇಟ್ ಅಲ್ಲಿಯವಳು, ಅವಳ ಕೈಯಿಂದ ಒಂಬತ್ತು ವರ್ಷ ತಿಂದಿದೀನಿ. ನಂಗೆ ಗೊತ್ತಿಲ್ವಾ ಅದು ಹೆಂಗಿರುತ್ತೆ ಅಂತ?"

ಭಾಗ್ಯಲಕ್ಷ್ಮಿ ಹಲಸೂರಿನವರು. ಗಲ್ಫಿನ ದಮ್ಮಾಮಿನ ಆಸ್ಪತ್ರೆಯೊಂದರಲ್ಲಿ ಒಂಬತ್ತು ವರ್ಷ ನರ್ಸ್ ಆಗಿದ್ದು, ನಾಲ್ಕು ವರ್ಷದ ಹಿಂದೆ ಊರಿಗೆ ವಾಪಸಾದವರು. ಅಂದಿನಿಂದ ಹಾಶಿಮ್‌ನ ಗಿರಾಕಿ. ಕಿವಿರು ಎತ್ತಿ ನೋಡದೆ ಮೀನು ಮುಟ್ಟುವವರಲ್ಲ. ನೂರು ಪ್ರಶ್ನೆ ಕೇಳುತ್ತಿದ್ದರು, ಆದರೆ ಬೇರೆ ಕಟ್ಟೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಸಂಕಟವಾಯಿತು.

ಪಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಿದ್ದ ಮಗ ಓವೈಸ್ ಕಿವಿಯ ಹತ್ತಿರ ಬಂದು, "ರಿಫಂಡ್ ಕೊಟ್ಟು ಕಳ್ಸಿ ಅಬ್ಬಾ, ಜನ ನಿಂತಿದಾರೆ," ಎಂದ. ಓವೈಸ್‌ಗೆ ಮೂವತ್ತಾಗಿತ್ತು. ಫೋನಿನಲ್ಲಿ ಬರುವ ಆರ್ಡರುಗಳನ್ನು ನೋಡಿಕೊಳ್ಳುವವನು ಅವನೇ. ಯಾರು ಏನಂದರೂ ರಿಫಂಡ್ ಎಂಬ ಒಂದೇ ಮದ್ದು ಅವನ ಹತ್ತಿರ.

ದುಡ್ಡು ವಾಪಸು ಕೊಟ್ಟರೆ ತಪ್ಪು ಒಪ್ಪಿಕೊಂಡ ಹಾಗಲ್ಲವೇ? ಹಾಶಿಮ್ ಐಸಿನೊಳಗಿಂದ ಇನ್ನೊಂದು ಅಂಜಲ್ ಎಳೆದು, ನಡುವಿನ ದಪ್ಪ ಭಾಗವನ್ನು ಕತ್ತರಿಸಿ ಚೀಲಕ್ಕೆ ಹಾಕಿದ. "ತಗೊಂಡ್ಹೋಗಿ. ಇದು ನನ್ ಕಡೆಯಿಂದ. ಇದ್ರಲ್ಲಿ ಮಾಡಿ. ಇದೂ ಬರ್ಲಿಲ್ಲ ಅಂದ್ರೆ ತಪ್ಪು ಮೀನಿಂದಲ್ಲ, ಕೈಯಿಂದು."

ಈ ಕೊನೆಯ ಮಾತನ್ನು ಆಡಬಾರದಿತ್ತು. ಭಾಗ್ಯಲಕ್ಷ್ಮಿ ಅವನನ್ನು ಒಮ್ಮೆ ನೆಟ್ಟಗೆ ನೋಡಿ, ಮೀನಿನ ಚೀಲ ಎತ್ತಿಕೊಂಡು, ಡಬ್ಬಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಬುಧವಾರ ಮಧ್ಯಾಹ್ನ ಮತ್ತೆ ಬಂದರು. ಈ ಸಲ ಕೈಯಲ್ಲಿ ಡಬ್ಬಿಯಿರಲಿಲ್ಲ, ಫೋನಿತ್ತು. ಫೋನಿನ ಒಳಗೆ ಹೂವಿನ ನಿಲುವಂಗಿ ತೊಟ್ಟು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ, ಕೂದಲು ಗಿಡ್ಡವಾಗಿ ಕತ್ತರಿಸಿಕೊಂಡ ಒಬ್ಬ ಹೆಂಗಸಿದ್ದಳು.

"ಇವಳು ನನ್ ರೂಮ್‌ಮೇಟ್ ಆಗಿದ್ದವಳು, ದಮ್ಮಾಮಲ್ಲಿ. ಈಗ ಮನಿಲಾದಲ್ಲಿದಾಳೆ. ಹೆಸರು ಲೂಸ್."

"ಲೂಸಾ?"

"ಲೂಸೇ. ಅವರ ಕಡೆ ಬೆಳಕು ಅಂತ ಅರ್ಥವಂತೆ. ನಗ್ಬೇಡಿ, ನೋಡ್ತಿದಾಳೆ. ನೀವು ಕೊಟ್ಟ ತುಂಡೂ ಪುಟೀಲಿಲ್ಲ, ಅದಕ್ಕೇ ಅವಳಿಗೆ ನಿಮ್ ಮೀನು ತೋರಿಸ್ಬೇಕಂತೆ."

ಹಾಶಿಮ್ ಸುತ್ತ ನೋಡಿದ. ಮಾರ್ಕೆಟ್ಟು ತೂಕಡಿಸುತ್ತಿದ್ದ ಹೊತ್ತು ಅದು. ಬೇಡ ಎನ್ನಲು ಗಿರಾಕಿಗಳ ನೆಪವೂ ಇರಲಿಲ್ಲ. ಎದುರು ಕಟ್ಟೆಯ ಅಹ್ಮದ್ ಪಾಷಾ ಆಗಲೇ ಕುರ್ಚಿಯನ್ನು ಈ ಕಡೆಗೆ ತಿರುಗಿಸಿಕೊಂಡಿದ್ದ.

"ಶೋ ಮೀ ದಿ ಐಸ್!" ಎಂದಳು ಫೋನಿನ ಹೆಂಗಸು.

ಹಾಶಿಮ್ ಒಂದು ಹಿಡಿ ಐಸನ್ನು ಎತ್ತಿ ಹಿಡಿದ.

"ನೋ, ನೋ! ಐಸ್, ಐಸ್!" ಆಕೆ ತನ್ನ ಕಣ್ಣಿಗೇ ಬೆರಳು ತಿವಿದುಕೊಂಡಳು. ಹಾಶಿಮ್ ಇನ್ನೂ ದೊಡ್ಡದೊಂದು ಐಸಿನ ಗಡ್ಡೆ ಎತ್ತಿದ. ಅಹ್ಮದ್ ಪಾಷಾನ ಹೊಟ್ಟೆ ಕುಲುಕಾಡತೊಡಗಿತು.

"ಕಣ್ಣು ರೀ, ಮೀನಿನ ಕಣ್ಣು!" ಎಂದು ಭಾಗ್ಯಲಕ್ಷ್ಮಿ ಗದರಿದರು.

ಅಂಜಲ್‌ನ ತಲೆಯನ್ನು ಫೋನಿಗೆ ತಾಗುವಷ್ಟು ಹತ್ತಿರ ಹಿಡಿದ. ಆಕೆ ಬಹಳ ಹೊತ್ತು ನೋಡಿದಳು. ಆಮೇಲೆ ಡಾಕ್ಟರು ರಿಪೋರ್ಟು ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದಳು: "ದಿಸ್ ಫಿಶ್, ವೆರಿ ಟಯರ್ಡ್." ಅಷ್ಟು ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಗಿ ಮುಖ ಹಾಗೆಯೇ ಕಲ್ಲಾಯಿತು. ಉತ್ತರ ಕೊಡುವ ಅವಕಾಶವೂ ಹಾಶಿಮ್‌ಗೆ ಸಿಗಲಿಲ್ಲ.

ಸಂಜೆಯ ಹೊತ್ತಿಗೆ ಅಹ್ಮದ್ ಪಾಷಾ ಇಡೀ ಸಾಲಿಗೆ ಸುದ್ದಿ ಹಂಚಿದ್ದ. ಐಸ್ ಹೊರುವವನು ಹೋಗುತ್ತ ಬರುತ್ತ "ಥಕೇಲೀ ಮಛ್ಲಿ ಹೆಂಗ್ ಕೇಜಿ, ಭಾಯ್?" ಎಂದು ಕೇಳುತ್ತಿದ್ದ. ಸುಸ್ತಾದ ಮೀನು! ಕೋಳಿ ಅಂಗಡಿಯವರೂ ಕೇಳಿದರು. ಸಮುದ್ರ ಕಂಡ ಮೀನು, ರಾತ್ರಿಯೆಲ್ಲ ಐಸಿನ ಲಾರಿಯಲ್ಲಿ ಬಂದ ಮೀನು, ತಾನು ಬೆಳಗಿನ ಜಾವ ಎದ್ದು ಒಂದೊಂದಾಗಿ ಆರಿಸಿ ತಂದ ಮೀನು. ಅದನ್ನು ಎಲ್ಲೋ ಮನಿಲಾದಲ್ಲಿ ಕುರ್ಚಿಯ ಮೇಲೆ ಕೂತ ಲೂಸು ಸುಸ್ತಾಗಿದೆ ಎನ್ನುತ್ತಾಳೆ.

ಆ ರಾತ್ರಿ ಊಟದ ಹೊತ್ತಿಗೆ ಹಾಶಿಮ್ ಅರ್ಧ ಕೇಜಿ ಅಂಜಲ್ ಮನೆಗೆ ತಂದು, ಹೆಂಡತಿ ನೌರೀನ್‌ಗೆ ಎಲ್ಲ ವಿವರಿಸಿ, "ನೀನು ಮಾಡಿ ನೋಡು. ಮೆತ್ತಗಾಗ್ಬಾರ್ದು, ಪುಟೀಬೇಕು," ಎಂದ. ನೌರೀನ್ ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡು ಮೀನಿಗೆ ಹಸಿಮೆಣಸಿನಕಾಯಿ, ಕೊತ್ತಂಬರಿ, ಪುದೀನ, ಶುಂಠಿ, ಒಂದು ಮೊಟ್ಟೆ, ಹುರಿಗಡಲೆ ಪುಡಿ ಎಲ್ಲ ಹಾಕಿದಳು. ಮೊಮ್ಮಕ್ಕಳು ತಟ್ಟೆ ನೆಕ್ಕಿದರು. ಓವೈಸ್ ಮತ್ತೆರಡು ಹಾಕಿಸಿಕೊಂಡ.

"ಇದು ಕಬಾಬ್," ಎಂದ ಹಾಶಿಮ್.

"ಕಬಾಬೇ. ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ನಾನು ಹೇಳಿದ್ದು ಅದಲ್ಲ."

"ಚೆನ್ನಾಗಿರೋದನ್ನ ಬಿಟ್ಟು, ಮಸಾಲೆ ಇಲ್ದಿರೋ ಪುಟಿಯೋ ಉಂಡೆ ಯಾಕೆ ಬೇಕು ನಿಮಗೆ? ಕ್ರಿಕೆಟ್ ಆಡ್ತೀರಾ?"

ಅವಳಿಗೆ ಹೇಗೆ ಹೇಳುವುದು? ಅವನಿಗೆ ಉಂಡೆ ಬೇಕಿರಲಿಲ್ಲ. ಮೀನು ನಿರ್ದೋಷಿ ಎಂದು ತೀರ್ಪು ಬೇಕಿತ್ತು. ಮರುದಿನ ಭಾಗ್ಯಲಕ್ಷ್ಮಿಗೆ ಫೋನ್ ಮಾಡಿ, "ಮೇಡಂ, ಶುಕ್ರವಾರ ನಮಾಜ್ ಮುಗಿಸ್ಕೊಂಡು ನಾನೇ ನಿಮ್ ಮನೆಗ್ ಬರ್ತೀನಿ. ನನ್ ಮೀನು, ನನ್ ಐಸು, ನಿಮ್ ಅಡುಗೆಮನೆ. ನನ್ ಕಣ್ಣೆದುರಿಗೆ ಮಾಡಿ. ಆ ಲೂಸ್ ಅಮ್ಮನ್ನೂ ಕರೀರಿ," ಎಂದುಬಿಟ್ಟ.

"ಶುಕ್ರವಾರ ಅವಳೇ ಮಾಡ್ತಾಳೆ ಕಾಲ್. ದಮ್ಮಾಮಲ್ಲಿ ನಮಗೆ ಶುಕ್ರವಾರ ರಜ. ಅಭ್ಯಾಸ ಹೋಗಿಲ್ಲ," ಎಂದರು ಭಾಗ್ಯಲಕ್ಷ್ಮಿ.

ಜುಮ್ಮಾ ಮುಗಿಸಿ, ಇಸ್ತ್ರಿ ಮಾಡಿದ ಬಿಳಿ ಕುರ್ತಾದಲ್ಲೇ ಹಾಶಿಮ್ ಐಸ್ ಪೆಟ್ಟಿಗೆಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊರಟ. ಕಮರ್ಷಿಯಲ್ ಸ್ಟ್ರೀಟಿನ ಬಾಯಲ್ಲಿ ಇಪ್ಪತ್ತು ನಿಮಿಷ ಸಿಕ್ಕಿಕೊಂಡ. ಹಲಸೂರು ಕೆರೆಯ ಹಿಂದಿನ ಓಣಿಗಳಲ್ಲಿ ಮೂರು ಸಲ ಸುತ್ತಿದ. ಮನೆ ಸಿಗುವ ಹೊತ್ತಿಗೆ ಕರಗಿದ ಐಸಿನ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ತಲೆಯಂತೂ ಆಗಲೇ ಕಾದು ಕೆಂಡವಾಗಿತ್ತು.

ಬಾಗಿಲು ತೆಗೆದವರು ಭಾಗ್ಯಲಕ್ಷ್ಮಿಯ ಗಂಡ ಸಂಜೀವಪ್ಪ. ದೊಮ್ಮಲೂರಿನ ಹಳೆಯ ಪ್ರೆಸ್ಸೊಂದರಲ್ಲಿ ಪುಸ್ತಕ ಬೈಂಡ್ ಮಾಡುತ್ತಿದ್ದು ಈಗ ನಿವೃತ್ತರಾದವರು, ಸಣಕಲು ಮೈ, ಮೆಲುದನಿ. ಹಾಶಿಮ್‌ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗುತ್ತ, "ಬಂದ್ರಲ್ಲ, ಒಳ್ಳೇದಾಯ್ತು. ಒಂದು ವಾರದಿಂದ ಕೆಟ್ಟ ಉಂಡೆಯೆಲ್ಲ ನಾನೇ ತಿಂತಿದೀನಿ. ಸಾರಲ್ಲಿ ಹಾಕ್ಕೊಂಡು, ಮಜ್ಜಿಗೇಲಿ ಹಾಕ್ಕೊಂಡು. ನಿನ್ನೆ ಉಪ್ಪಿಟ್ಟಲ್ಲೂ ಬಂತು," ಎಂದರು.

ಅಡುಗೆಮನೆಯ ಕಿಟಕಿಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟವಿತ್ತು. ಅದರ ಕೆಳಗೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದರು. ಲೂಸ್ ಇನ್ನೂ ಬಂದಿರಲಿಲ್ಲ. "ನೀವು ಎಂದಿನ ಹಾಗೆ ಮಾಡಿ ಮೇಡಂ," ಎಂದು ಹಾಶಿಮ್ ಕೈಕಟ್ಟಿ ನಿಂತ.

ಭಾಗ್ಯಲಕ್ಷ್ಮಿ ಅಂಜಲ್ ತುಂಡುಗಳನ್ನು ಚೆನ್ನಾಗಿ ತೊಳೆದರು, ಅದೂ ಗೀಸರಿನ ಬಿಸಿನೀರಿನಲ್ಲಿ. ಹಾಶಿಮ್ ತುಟಿ ಕಚ್ಚಿಕೊಂಡ. ಆಮೇಲೆ ತುಂಡುಗಳನ್ನು ಮಿಕ್ಸಿಗೆ ಹಾಕಿ ತಿರುಗಿಸಿದರು, ನಿಲ್ಲಿಸಿದರು, ಮತ್ತೆ ತಿರುಗಿಸಿದರು. ಮಿಕ್ಸಿ ರೋಡ್ ಅಗೆಯುವ ಯಂತ್ರದ ಹಾಗೆ ಅರಚಿತು. ಐದು ನಿಮಿಷವಾಯಿತು, ಏಳು ನಿಮಿಷವಾಯಿತು. ತಡೆಯಲಾರದೆ ಹಾಶಿಮ್ ಮುಂದೆ ಬಂದು ಜಾರಿನ ತಳ ಮುಟ್ಟಿದವನು ಕೈ ಝಾಡಿಸಿಕೊಂಡ.

"ಯಾ ಅಲ್ಲಾ! ಮುಟ್ಟಿ ನೋಡಿ ಮೇಡಂ. ಟೀ ಕಾಸಬಹುದು ಇದ್ರಲ್ಲಿ. ಮೀನು ಇಲ್ಲೇ ಅರ್ಧ ಬೆಂದೋಗಿದೆ. ಬೆಂದಿರೋ ಮೀನು ಎಲ್ಲಿಂದ ಪುಟಿಯುತ್ತೆ? ನಾನು ಐಸಲ್ಲಿ ಇಟ್ಟು ಇಟ್ಟು ಮಗು ಥರ ನೋಡ್ಕೊಂಡು ಕೊಡ್ತೀನಿ, ನೀವು ತಂದು ಸ್ನಾನ ಮಾಡಿಸಿ, ಮಿಕ್ಸೀಲಿ ಬೇಯಿಸಿ, ನನ್ ಹೆಸರಿಗೆ ಮಸಿ ಬಳೀತೀರಾ!"

ಭಾಗ್ಯಲಕ್ಷ್ಮಿ ಜಾರಿನ ತಳ ಮುಟ್ಟಿ ನೋಡಿದರು. ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು. ಹಾಶಿಮ್‌ಗೆ ಐದು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಬಂತು. ಕುರ್ತಾದ ತೋಳು ಮಡಚಿದ. ಪೆಟ್ಟಿಗೆಯಿಂದ ಹೊಸ ತುಂಡು ತೆಗೆದು, ಐಸಿನ ಮೇಲೆ ಇಟ್ಟ ಪಾತ್ರೆಯಲ್ಲಿ ಚಾಕುವಿನ ಹಿಂಬದಿಯಿಂದ ಕುಟ್ಟಿ, ಉಪ್ಪು, ಬೆಳ್ಳುಳ್ಳಿ, ಕಾರ್ನ್‌ಫ್ಲೋರು ಸೇರಿಸಿ, ಮಿಕ್ಸಿಯ ಹಂಗಿಲ್ಲದೆ ಕಲಸಿದ. ಬಿಸಿನೀರಿಗೆ ಬಿಟ್ಟ. ತೇಲಿದವನ್ನು ತೆಗೆದು ತಣ್ಣಗಾದ ಮೇಲೆ, ಎಲ್ಲರೂ ನೋಡುತ್ತಿರುವಂತೆ ಬೆರಳಿನಿಂದ ಒತ್ತಿದ.

ಉಂಡೆ ಎರಡು ಹೋಳಾಯಿತು.

ಸಂಜೀವಪ್ಪ ಒಂದು ಹೋಳನ್ನು ಎತ್ತಿ ಬಾಯಿಗೆ ಹಾಕಿಕೊಂಡು, ನಿಧಾನಕ್ಕೆ ಅಗಿದು, "ಹಿಂದಿನದಕ್ಕಿಂತ ಪರವಾಗಿಲ್ಲ," ಎಂದರು. ಅವರ ಈ ಕರುಣೆ ಹಾಶಿಮ್‌ಗೆ ಬೈಗುಳಕ್ಕಿಂತ ಕಷ್ಟವಾಯಿತು.

ಸರಿಯಾಗಿ ಆ ಹೊತ್ತಿಗೇ ಫೋನ್ ಬಡಿದುಕೊಂಡಿತು. ಲೂಸ್! ಅಲ್ಲಿ ಆಗಲೇ ಸಂಜೆ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು. ಯಾರೋ ಹುಡುಗಿ ಫೋನನ್ನು ಆಕೆಯ ಮುಖದ ಮುಂದೆ ಹಿಡಿದಿದ್ದಳು. ಆಕೆ ಒಡೆದ ಉಂಡೆಯನ್ನು ನೋಡಿದಳು, ಹಾಶಿಮ್‌ನನ್ನು ನೋಡಿದಳು, ಮತ್ತೆ ಉಂಡೆಯನ್ನು ನೋಡಿದಳು. ಇಂಗ್ಲಿಷಿನಲ್ಲಿ ಏನೋ ಕೇಳಿದಳು.

"ಯಾವ ಮೀನು ಅಂತ ಕೇಳ್ತಿದಾಳೆ," ಎಂದರು ಭಾಗ್ಯಲಕ್ಷ್ಮಿ. "ನಾನು ಇಷ್ಟು ದಿನ ಬೆಸ್ಟ್ ಮೀನು ಅಂತಷ್ಟೇ ಹೇಳಿದ್ದೆ. ಆವತ್ತು ಅವಳಿಗೆ ಬರೀ ಕಣ್ಣು ಕಾಣಿಸಿದ್ದಂತೆ."

ಹಾಶಿಮ್ ಹೆಮ್ಮೆಯಿಂದ ಅಂಜಲ್‌ನ ಇನ್ನೊಂದು ಅರ್ಧವನ್ನು ಬಾಲದ ಸಮೇತ ಎತ್ತಿ ತೋರಿಸಿದ. ಲೂಸ್ ಬಾಲದಿಂದ ಆಚೆ ತುದಿಯವರೆಗೆ ಕಣ್ಣು ಹಾಯಿಸಿದಳು. ಆಮೇಲೆ ಕುರ್ಚಿ ಅಲುಗಾಡುವಂತೆ ನಗತೊಡಗಿದಳು. ಫೋನ್ ಹಿಡಿದಿದ್ದ ಹುಡುಗಿಯೂ ನಕ್ಕಳು. ನಗು ನಿಂತ ಮೇಲೆ ಆಕೆ ಹೇಳಿದ್ದನ್ನು ಭಾಗ್ಯಲಕ್ಷ್ಮಿ ಕನ್ನಡಕ್ಕೆ ತಂದರು. ಅಷ್ಟು ದೊಡ್ಡ ಮೀನನ್ನು ಮದುವೆ ಊಟಕ್ಕೆ ಬಡಿಸುತ್ತಾರಂತೆ. ಬೀದಿಬದಿಯ ಉಂಡೆಗೆ ಅದನ್ನು ಯಾರಾದರೂ ಅರೆಯುತ್ತಾರಾ? ಅದರಲ್ಲಿ ಅಂಟೇ ಇಲ್ಲ. ಉಂಡೆಗೆ ಬೇಕಾದದ್ದು ಸಣ್ಣ ಮೀನು, ಮುಳ್ಳು ಜಾಸ್ತಿ ಇರುವುದು, ಯಾರಿಗೂ ಬೇಡವಾದದ್ದು. ಹುಡುಗಿ ಇನ್ನೊಂದು ಫೋನಿನಲ್ಲಿ ಚಿತ್ರ ಹುಡುಕಿ ಈ ಫೋನಿಗೆ ತೋರಿಸಿದಳು. ಗುಲಾಬಿ ಮೈ, ಪಕ್ಕದಲ್ಲಿ ಹಳದಿ ಗೆರೆ, ದೊಡ್ಡ ಕಣ್ಣು.

"ಇದು ರಾಣಿ ಮೀನು!" ಎಂದ ಹಾಶಿಮ್. "ಇದನ್ನ ನನ್ ಕಟ್ಟೇಲಿ ಮೂಲೇಲಿ ಗುಡ್ಡೆ ಹಾಕಿರ್ತೀನಿ. ಯಾರೂ ಮೂಸಿ ನೋಡಲ್ಲ."

ಭಾಗ್ಯಲಕ್ಷ್ಮಿ ನಿಧಾನಕ್ಕೆ ಅವನ ಕಡೆ ತಿರುಗಿದರು. "ಭಾಯ್, ಮೊದಲನೇ ದಿನ ನಾನು ಅದನ್ನೇ ಕೇಳಿದ್ದು. ಮೂಲೇಲಿರೋ ಆ ಪಿಂಕ್ ಮೀನು ಕೊಡಿ ಅಂದೆ. ನೀವೇನಂದ್ರಿ?"

ಹಾಶಿಮ್‌ಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

"'ಅದು ಬೆಕ್ಕಿಗೆ ಮೇಡಂ, ನಿಮ್ಮಂಥವರಿಗೆ ಅಂಜಲ್' ಅಂದ್ರಿ."

ಹಾಶಿಮ್ ಬುದ್ಧನ ಪಟದತ್ತ ನೋಡಿದ. ಅಲ್ಲಿಂದಲೂ ಏನೂ ಸಹಾಯ ಬರಲಿಲ್ಲ. ಜೇಬಿನಿಂದ ಫೋನ್ ತೆಗೆದು ಮಗನಿಗೆ ಕರೆ ಮಾಡಿ, ಕಟ್ಟೆಯಲ್ಲಿ ಉಳಿದಿರುವ ರಾಣಿ ಮೀನನ್ನೆಲ್ಲ ಐಸ್ ಹಾಕಿ ಹಲಸೂರಿಗೆ ತರಲು ಹೇಳಿದ. "ರಾಣಿನಾ? ಯಾಕಬ್ಬಾ? ರಿಫಂಡ್ ಕೊಟ್ಬಿಡಿ ಅಂತ ಆವತ್ತೇ ಹೇಳಿದ್ನಲ್ಲ," ಎಂದು ಓವೈಸ್ ಶುರುಮಾಡುವಷ್ಟರಲ್ಲಿ ಕರೆ ಕತ್ತರಿಸಿದ.

ಓವೈಸ್ ಮೀನು ತಂದು, ಚೀಲವನ್ನು ಬಾಗಿಲಲ್ಲೇ ಇಟ್ಟು, ಅಪ್ಪನ ಕುರ್ತಾ ನೋಡಿ ತಲೆ ಚಚ್ಚಿಕೊಂಡು ಹೊರಟುಹೋದ. ಆಮೇಲೆ ಶುರುವಾದ ಕೆಲಸವನ್ನು ಹಾಶಿಮ್ ಯಾವ ಶತ್ರುವಿಗೂ ಬಯಸುತ್ತಿರಲಿಲ್ಲ. ಗೇಣುದ್ದದ ಮೀನುಗಳು, ಮೈತುಂಬ ಕೂದಲಿನಂಥ ಮುಳ್ಳು. ಒಂದೊಂದನ್ನೂ ಸೀಳಿ, ಚಮಚದಿಂದ ಮಾಂಸವನ್ನು ಕೆರೆದು, ಚರ್ಮ ಬೇರೆ, ಮುಳ್ಳು ಬೇರೆ. ಮೂವರೂ ನೆಲದ ಮೇಲೆ ಪೇಪರ್ ಹಾಸಿಕೊಂಡು ಕೂತರು. ಸಂಜೀವಪ್ಪ ಕನ್ನಡಕ ಏರಿಸಿ, ಪುಸ್ತಕದ ಹೊಲಿಗೆ ಬಿಚ್ಚುವಷ್ಟು ನಾಜೂಕಿನಿಂದ ಮುಳ್ಳು ಬಿಡಿಸಿದರು. ಅವರೊಬ್ಬರೇ ಕೊನೆಯವರೆಗೂ ಗೊಣಗಲಿಲ್ಲ.

ಲೂಸ್ ಫೋನಿನಿಂದ ಹೋಗಲೇ ಇಲ್ಲ. ಇನ್ನೂ ಐಸು ಹಾಕಿ, ಉಪ್ಪು ಈಗ ಹಾಕಿ, ಒಂದೇ ದಿಕ್ಕಿಗೆ ತಿರುಗಿಸಿ, ಅಯ್ಯೋ ಆ ಕಡೆ ಯಾಕೆ ತಿರುಗಿಸಿದೆ, ನಿಲ್ಲಿಸಬೇಡ. "ಒಂದೇ ಕಡೆ ತಿರುಗ್ಸಿದ್ರೇ ಅಂಟು ಬರೋದು. ಮೈದಾ ಗೋಂದೂ ಹಂಗೇನೇ," ಎಂದು ಸಂಜೀವಪ್ಪ ಆಕೆಯ ಪಕ್ಷ ವಹಿಸಿದರು. ಹಾಶಿಮ್‌ಗೆ ಇವರ ಮೇಲೂ ರೇಗಿತು.

ಹಿಟ್ಟು ಸ್ವಲ್ಪ ಬಿಗಿಯಾದ ಮೇಲೆ ಲೂಸ್ ಹೇಳಿದಳು: ಕಲಸಿದ್ದು ಸಾಕು, ಇನ್ನು ಅದನ್ನು ಎತ್ತಿ ಪಾತ್ರೆಗೆ ಎಸೀಬೇಕು. ಎತ್ತು, ಎಸೆ, ಎತ್ತು, ಎಸೆ, ನೂರು ಸಲ. ಭಾಗ್ಯಲಕ್ಷ್ಮಿ ಹತ್ತು ಸಲ ಎಸೆದು ಹೆಗಲು ಹಿಡಿದುಕೊಂಡರು. ಹಾಶಿಮ್ ಪಾತ್ರೆ ಎಳೆದುಕೊಂಡ. ಚಪ್, ಚಪ್ ಎಂದು ಮೀನು ಪಾತ್ರೆಗೆ ಬೀಳುತ್ತಿದ್ದಾಗ ಮೇಲಿನ ಮನೆಯವರು ಏನಾಯಿತೆಂದು ಕೇಳಿ ಹೋದರು. "ನೋ, ನೋ, ಲೈಕ್ ದಿಸ್!" ಎಂದು ಲೂಸ್ ಗಾಳಿಯಲ್ಲಿ ಎಸೆದು ತೋರಿಸಿದಳು. "ಮೋರ್ ಆಂಗ್ರಿ!"

"ಇನ್ನೂ ಸಿಟ್ಟು ಬೇಕಂತೆ," ಎಂದರು ಭಾಗ್ಯಲಕ್ಷ್ಮಿ.

"ಅದಕ್ಕೇನು ಕಮ್ಮಿ ಇಲ್ಲ ಅಂತ ಹೇಳಿ," ಎಂದ ಹಾಶಿಮ್.

ಅರವತ್ತನೆಯದೋ ಎಪ್ಪತ್ತನೆಯದೋ ಏಟಿಗೆ ಉಸಿರು ಬಿಡಲು ತಲೆ ಎತ್ತಿ ಫೋನಿನತ್ತ ನೋಡಿದ. ಆಕೆ ಇನ್ನೂ ತೋರಿಸುತ್ತಲೇ ಇದ್ದಳು, ಎಡಗೈಯಿಂದ. ಬೆಳಗ್ಗೆಯಿಂದ ಸಂಜೆಯವರೆಗೆ ಕೈಯನ್ನೇ ನಂಬಿ ಬದುಕುವವನಿಗೆ ಬೇರೆಯವರ ಕೈ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎಡಗೈ ಒರಟಾಗಿ, ಅಭ್ಯಾಸವಿಲ್ಲದ ಹಾಗೆ ಆಡುತ್ತಿತ್ತು. ಬಲಗೈ ಮಡಿಲಲ್ಲಿ, ಅಂಗೈ ಮೇಲಾಗಿ, ಬೇರೆ ಯಾರೋ ಅಲ್ಲಿ ಇಟ್ಟು ಹೋದಂತೆ ಬಿದ್ದಿತ್ತು. ಬುಧವಾರ ಕಣ್ಣಿಗೆ ಬೆರಳು ತಿವಿದುಕೊಂಡದ್ದೂ ಎಡಗೈಯಿಂದಲೇ ಇರಬೇಕು. ಅವನು ಗಮನಿಸಿರಲಿಲ್ಲ. ಮತ್ತೆ ಎಸೆಯತೊಡಗಿದ. ನೂರು ದಾಟಿದರೂ ಎಣಿಸಲಿಲ್ಲ.

ಹಿಟ್ಟು ಹೊಳಪು ಬಂದು, ಪಾತ್ರೆ ಬಿಟ್ಟು ಎದ್ದು ಬಂತು. ಲೂಸ್ ಹೇಳಿದಂತೆ ಮುಷ್ಟಿಯಲ್ಲಿ ಹಿಂಡಿ, ಹೆಬ್ಬೆರಳ ಸಂದಿನಿಂದ ಉಬ್ಬಿದ್ದನ್ನು ಚಮಚದಿಂದ ತೆಗೆದು, ಸ್ವಲ್ಪ ಚಪ್ಪಟೆ ಮಾಡಿ ಉಗುರುಬೆಚ್ಚನೆಯ ನೀರಿಗೆ ಬಿಟ್ಟರು. ಗಟ್ಟಿಯಾದವನ್ನು ತೆಗೆದು ಎಣ್ಣೆಗೆ ಹಾಕಿದಾಗ ಒಂದೊಂದೂ ಪೂರಿಯ ಹಾಗೆ ಉಬ್ಬಿತು. ಭಾಗ್ಯಲಕ್ಷ್ಮಿ ಒಂದನ್ನು ತಟ್ಟೆಗೆ ಇಟ್ಟು ಒತ್ತಿದರು. ತಗ್ಗಿತು, ಮತ್ತೆ ಎದ್ದು ಬಂತು. ಇನ್ನೊಂದು ಸಲ ಒತ್ತಿದರು. ಮತ್ತೆ ಬಂತು. ಹಾಶಿಮ್ ಒಂದನ್ನು ಎತ್ತಿ ಕಡಪಾ ಕಲ್ಲಿನ ಮೇಲೆ ಬಿಟ್ಟ. ಅದು ಒಂದು ಸಣ್ಣ ಕುಪ್ಪಳ ಹಾಕಿ, ಉರುಳಿ, ಫ್ರಿಜ್ಜಿನ ಕೆಳಗೆ ಹೋಯಿತು.

"ನೋಡಿದ್ರಾ!" ಎಂದು ಅವನು ಫೋನಿಗೇ ಕನ್ನಡದಲ್ಲಿ ಕೂಗಿದ. "ಟಯರ್ಡ್ ಅಂತೆ ಟಯರ್ಡ್!"

ಲೂಸ್ ಒಂದನ್ನು ಕಚ್ಚಿ ಒಳಭಾಗ ತೋರಿಸಲು ಹೇಳಿದಳು. ತೋರಿಸಿದರು. ಮುಖ ಹತ್ತಿರ ತಂದು ನೋಡಿ, "ಓಕೆ," ಎಂದಳು. ಅಷ್ಟೇ. ಮರುಕ್ಷಣವೇ "ವೇರ್ ಈಸ್ ಸಾಸ್?" ಎಂದಳು. ಭಾಗ್ಯಲಕ್ಷ್ಮಿ ಟೊಮೇಟೊ ಸಾಸಿಗೆ ಹುಣಸೆಹುಳಿ, ಬೆಲ್ಲ ಕಲಸಿಟ್ಟಿದ್ದ ಬಟ್ಟಲು ತೋರಿಸಿದರು. ಆಕೆ ಎಡಗೈಯನ್ನು ಹಣೆಗೆ ಹೊಡೆದುಕೊಂಡಳು. ಸೋಯಾ ಎಲ್ಲಿ, ಬೆಳ್ಳುಳ್ಳಿ ಎಲ್ಲಿ, ಹಿಟ್ಟು ಹಾಕಿ ಕಾಯಿಸಿದ ಕಂದು ಬಣ್ಣ ಎಲ್ಲಿ? ಭಾಗ್ಯಲಕ್ಷ್ಮಿಯೂ ಬಿಡಲಿಲ್ಲ. ಇಬ್ಬರೂ ಇಂಗ್ಲಿಷು, ಅರಬ್ಬಿ, ತಂತಮ್ಮ ಭಾಷೆ ಎಲ್ಲ ಬೆರೆಸಿ ಕಿತ್ತಾಡತೊಡಗಿದರು. ಹಾಶಿಮ್ ಮೆಲ್ಲಗೆ ತಟ್ಟೆ ಎತ್ತಿಕೊಂಡು ಹೊರಗೆ ಬಂದ. ಸಾಸು ತನ್ನ ಇಲಾಖೆಯಲ್ಲ.

ಹೊರಗಿನ ಮೆಟ್ಟಿಲ ಮೇಲೆ ಸಂಜೀವಪ್ಪನೂ ಬಂದು ಕೂತರು. ಪೊರಕೆಕಡ್ಡಿಯನ್ನು ತೊಳೆದು ಮಾಡಿದ ಕಡ್ಡಿಗಳಲ್ಲಿ ಇಬ್ಬರೂ ಚುಚ್ಚಿ ತಿಂದರು. ಹಾಶಿಮ್ ಮೂರು ತಿಂದ. ಇಷ್ಟೆಲ್ಲ ಮಾಡಿದ್ದು ಇದಕ್ಕಾ ಎನ್ನಿಸಿತು. ಖಾರವಿಲ್ಲ, ಮಸಾಲೆಯಿಲ್ಲ. ಆದರೆ ಕೈ ತಾನಾಗಿ ನಾಲ್ಕನೆಯದಕ್ಕೆ ಹೋಯಿತು.

"ಆ ಅಮ್ಮನ ಕೈಗೆ ಏನಾಗಿದೆ?" ಎಂದು ಕೇಳಿದ.

"ಸ್ಟ್ರೋಕು. ಹೋದ ವರ್ಷ. ಊರಿಗೆ ಹೋದ್ಮೇಲೆ ಇದನ್ನೇ ಗಾಡೀಲಿ ಮಾರ್ತಿದ್ರಂತೆ. ಈಗ ಗಾಡಿ ತಂಗಿ ಮಗಳು ನೋಡ್ಕೊಳ್ತಾಳೆ, ಫೋನ್ ಹಿಡ್ಕೊಂಡಿದ್ಲಲ್ಲ, ಆ ಹುಡ್ಗಿ. ಅವಳು ಮಾಡೋದನ್ನ ಇವರು ಬೈಯೋದು, ಅವಳು ಅಳೋದು. ಸ್ವಲ್ಪ ದಿನ ಆದ್ಮೇಲೆ ಇವರು ಮಾತೇ ನಿಲ್ಲಿಸ್ಬಿಟ್ರಂತೆ. ಯಾರ ಹತ್ರನೂ ಮಾತಿಲ್ಲ. ಅದಕ್ಕೇ ನಮ್ಮವಳು, ನಂಗೂ ಹೇಳ್ಕೊಡು ಅಂತ ಶುರುಮಾಡಿದ್ದು." ಸಂಜೀವಪ್ಪ ಕಡ್ಡಿಯನ್ನು ಬಾಯಿಂದ ತೆಗೆದರು. "ನಮ್ ಮನೇಲಿ ಇವಳು ನೆಟ್ಟಗೆ ಉಪ್ಪಿಟ್ಟೂ ಮಾಡಲ್ಲ, ಭಾಯ್. ನೀವು ಸರಿ ಮಾಡಿಕೊಡೋಕೆ ಬರ್ತೀರಿ ಅಂದಾಗ ನಂಗೆ ಸ್ವಲ್ಪ ಭಯಾನೇ ಆಗಿತ್ತು. ಸರಿಹೋಗಿ, ಆ ಅಮ್ಮ ಮತ್ತೆ ಮಾತು ನಿಲ್ಲಿಸ್ಬಿಟ್ರೆ ಏನ್ ಮಾಡೋದು ಅಂತ."

ಒಳಗಿಂದ ಲೂಸ್‌ಳ ದನಿ ಓಣಿಯವರೆಗೂ ಕೇಳುತ್ತಿತ್ತು. ಹಾಶಿಮ್ ಕಡ್ಡಿಯನ್ನು ತಟ್ಟೆಯ ಅಂಚಿಗೆ ಇಟ್ಟ. ಬುಧವಾರದಿಂದ ಇಡೀ ಮಾರ್ಕೆಟ್ಟು ತನ್ನನ್ನು ನೋಡಿ ನಕ್ಕಿದೆ, ಹಬ್ಬಕ್ಕೆ ಹೊಲಿಸಿದ ಕುರ್ತಾ ಹಾಳಾಗಿದೆ, ಅಸರ್ ನಮಾಜು ತಪ್ಪಿಹೋಗಿದೆ. ಮೊದಲೇ ಹೇಳಿದ್ದರೆ ಆಗುತ್ತಿರಲಿಲ್ಲವೇ? ಅದನ್ನು ಗಟ್ಟಿಯಾಗಿಯೇ ಕೇಳಿದ. "ನಂಗೊಂದು ಮಾತು ಹೇಳ್ಬಹುದಿತ್ತಲ್ಲ, ಸಾರ್?"

"ಹೇಳಿದ್ರೆ ನೀವು ಇಷ್ಟು ಜಗಳ ಆಡ್ತಿದ್ರಾ?" ಎಂದರು ಸಂಜೀವಪ್ಪ.

ಹೊರಡುವಾಗ ಭಾಗ್ಯಲಕ್ಷ್ಮಿ ಬಾಗಿಲವರೆಗೆ ಬಂದರು. ಕ್ಷಮೆ ಕೇಳುವವರ ಮುಖ ಅದಾಗಿರಲಿಲ್ಲ. "ಸೋಯಾ ಸಾಸಿಗೆ ಯಾವ ಬ್ರಾಂಡ್ ಒಳ್ಳೇದು, ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದರು. ಹಾಶಿಮ್ ಕೈ ಮುಗಿದು ಸ್ಕೂಟರ್ ಹತ್ತಿದ. ಮನೆಯಲ್ಲಿ ನೌರೀನ್ ಕುರ್ತಾ ನೋಡಿ ಏನಂದಳು ಎಂಬುದನ್ನು ಇಲ್ಲಿ ಹೇಳುವುದು ಬೇಡ.

ಶನಿವಾರ ಬೆಳಗ್ಗೆ ಎದ್ದಾಗ ಅವನ ಬಲತೋಳು ಭುಜದಿಂದ ಮೇಲೆ ಏಳಲಿಲ್ಲ. ಚಹಾದ ಲೋಟವನ್ನು ಎಡಗೈಯಲ್ಲೇ ಎತ್ತಿದ. ಮಾರ್ಕೆಟ್ಟಿಗೇನೋ ಹೋದ. ಆದರೆ ಚಾಕು ಹಿಡಿಯಲಾಗದೆ ಸ್ಟೂಲಿನ ಮೇಲೆ ಕೂತ. ಓವೈಸ್ ಕತ್ತರಿಸಲು ನಿಂತ. ಮೊದಲನೆಯ ಗಿರಾಕಿ ಅಂಜಲ್ ಕೇಳಿದರು.

"ಓರೆಯಾಗಿ ಇಡು," ಎಂದ ಹಾಶಿಮ್.

ಓವೈಸ್ ಓರೆಯಾಗಿ ಇಟ್ಟ.

"ಅಷ್ಟು ದಪ್ಪ ಬೇಡ. ಚಾಕು ಒತ್ತಬೇಡ, ಎಳಿ. ಎಳೀ ಅಂದೆ. ಅಯ್ಯೋ, ಮುಳ್ಳಿನ ಮೇಲೆ ಯಾಕೆ ಹಾಕ್ತೀಯಾ, ಅದರ ಪಕ್ಕ ಸಂದಿದೆ ನೋಡು, ಅಲ್ಲಿ, ಅಲ್ಲಲ್ಲ, ಅಲ್ಲಿ…" ಸ್ಟೂಲಿನ ಮೇಲೆ ಕೂತಲ್ಲೇ ಅವನ ಎಡಗೈ ಗಾಳಿಯಲ್ಲಿ ಮೀನು ಕೊಯ್ಯುತ್ತಿತ್ತು.

ಓವೈಸ್ ಚಾಕುವನ್ನು ಹಲಗೆಯ ಮೇಲೆ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ತಿರುಗಿದ. "ಅಬ್ಬಾ, ಸ್ವಲ್ಪ ಹೊತ್ತು ಸುಮ್ನಿರ್ತೀರಾ?"

"ಇಲ್ಲ," ಎಂದ ಹಾಶಿಮ್. "ಕೊಯ್ಯಿ."